ಬೆಂಕಿ ತಿಂದ ಕಲ್ಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಸುಳ್ಳು. ಬರಬೇಕಾದ ದಿನ ಅದು ಮೂಗಿನ ತುದಿಗೆ ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಆ ದಿನ ಬರಲಿಲ್ಲ. ಈಗ ಬಾಗಿಲು ಧಡಾರನೆ ಹಾಕುವ ಮಕ್ಕಳ ಮೇಲೆ, ಕ್ಲಾಸಿಗೆ ತಡವಾಗಿ ಬರುವ ಹುಡುಗಿಯರ ಮೇಲೆ, ಕೊನೆಗೆ ಹಾಲು ಉಕ್ಕಿದರೆ ಒಲೆಯ ಮೇಲೂ ಬರುತ್ತದೆ. ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಒಂದು ತಪ್ಪು ಅಂಕಿ ಇದೆ. ಗೊತ್ತಿಲ್ಲದೆ ಆದ ತಪ್ಪಲ್ಲ, ಗೊತ್ತಿದ್ದೇ ಬರೆದದ್ದು.

ನಾನು ಕೊಟ್ಟೂರಿನವಳು. ತೊಂಬತ್ತರ ದಶಕದ ನಡುವೆ ಭೂವಿಜ್ಞಾನದಲ್ಲಿ ಎಂ.ಎಸ್‌ಸಿ ಮುಗಿಸಿ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದೆ. ನನ್ನ ಗೈಡ್ ಆಗಿದ್ದವರು ನನ್ನನ್ನು ಆರಿಸಿಕೊಂಡದ್ದು ಅಂಕ ನೋಡಿ ಎಂದು ಬಹಳ ದಿನ ಬೀಗುತ್ತಿದ್ದೆ. ಒಂದು ದಿನ ಅವರೇ ಹೇಳಿದರು: "ನಿನಗೆ ಆ ಕಡೆಯ ಭಾಷೆ ಬರುತ್ತಲ್ಲ, ಅದಕ್ಕೇ ತಗೊಂಡೆ." ಕೂಡ್ಲಿಗಿ, ಹಡಗಲಿ ಎಂದರೆ ಯಾವುದೋ ಪರದೇಶ, ಅಲ್ಲಿಗೆ ಹೋಗಲು ಜೊತೆಗೊಬ್ಬ ದುಭಾಷಿ ಬೇಕು ಎಂಬಂತೆ. ಅವರು ಆಡುತ್ತಿದ್ದದ್ದೂ ಕನ್ನಡವೇ, ನಮ್ಮ ಜನ ಆಡುತ್ತಿದ್ದದ್ದೂ ಕನ್ನಡವೇ. ನಾನು ನಕ್ಕು ಸುಮ್ಮನಾದೆ. ಆಗ ನನಗೆ ಎಲ್ಲದಕ್ಕೂ ನಕ್ಕು ಸುಮ್ಮನಾಗುವ ಚಟವಿತ್ತು.

ನಮ್ಮ ಕೆಲಸ ಇಷ್ಟು. ಕೂಡ್ಲಿಗಿಯ ಬಂಡೆಗುಡ್ಡಗಳು ಒಂದು ಕಾಲದಲ್ಲಿ ಭೂಮಿಯ ಆಳದಲ್ಲಿ ಬೆಂದು, ರೂಪ ಬದಲಿಸಿ, ಆಮೇಲೆ ಕೋಟಿಗಟ್ಟಲೆ ವರ್ಷ ಮೆಲ್ಲಗೆ ತಣ್ಣಗಾದವು. ಎಷ್ಟು ಮೆಲ್ಲಗೆ ಎಂದು ಕಂಡುಹಿಡಿಯಬೇಕು. ಅದಕ್ಕೆ ಕಲ್ಲಿನೊಳಗೇ ಗಡಿಯಾರಗಳಿವೆ. ಯುರೇನಿಯಂ ತನ್ನದೇ ನಿಯಮದಲ್ಲಿ ಕ್ಷಯಿಸುತ್ತ ಸೀಸವಾಗುತ್ತದೆ, ಪೊಟ್ಯಾಸಿಯಂನಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಬಹಳ ಬಿಸಿ ಇರುವವರೆಗೆ ಹೀಗೆ ಹುಟ್ಟಿದ್ದು ಒಳಗೆ ನಿಲ್ಲದೆ ತಪ್ಪಿಸಿಕೊಂಡು ಹೋಗುತ್ತದೆ. ಒಂದು ಹದಕ್ಕೆ ತಣ್ಣಗಾದ ಮೇಲೆ ಖನಿಜ ಪಾತ್ರೆಗೆ ಮುಚ್ಚಳ ಬಿದ್ದಂತೆ ಮುಚ್ಚಿಕೊಳ್ಳುತ್ತದೆ, ಅಲ್ಲಿಂದ ಹುಟ್ಟಿದ್ದೆಲ್ಲ ಒಳಗೇ ಸೇರುತ್ತ ಹೋಗುತ್ತದೆ. ಎಷ್ಟು ಸೇರಿದೆ ಎಂದು ಅಳೆದರೆ ಮುಚ್ಚಿಕೊಂಡು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ.

ಒಂದೊಂದು ಖನಿಜ ಒಂದೊಂದು ಬಿಸಿಯಲ್ಲಿ ಮುಚ್ಚಿಕೊಳ್ಳುತ್ತದೆ. ನಾವು ಹುಡುಕುತ್ತಿದ್ದದ್ದು ಬಿಳಿ ಬೆಣಚುಕಲ್ಲಿನ ಪಟ್ಟೆಗಳನ್ನು. ಅವುಗಳೊಳಗೆ ಕಬ್ಬಿಣ ಗಂಧಕ ಸೇರಿದ ಹಳದಿ ಅದಿರು ಇರುತ್ತದೆ, ಅದಿರಿಗೆ ಅಂಟಿಕೊಂಡೇ ಕಪ್ಪು ಕಾಗೆಬಂಗಾರದ ಹಾಳೆಗಳು ಬೆಳೆದಿರುತ್ತವೆ. ಅದಿರಿನ ಮುಚ್ಚಳ ಬಿಸಿ ಇನ್ನೂ ಜೋರಾಗಿರುವಾಗಲೇ ಬೀಳುತ್ತದೆ, ಕಾಗೆಬಂಗಾರದ್ದು ಬಹಳ ತಡವಾಗಿ. ಎರಡರ ವಯಸ್ಸಿನ ನಡುವಿನ ಅಂತರವೇ ಆ ಗುಡ್ಡ ತಣ್ಣಗಾದ ಕಥೆ. ಒಂದೇ ಅಪಾಯ: ಮುಚ್ಚಿಕೊಂಡ ಮೇಲೆ ಮತ್ತೆ ಯಾರಾದರೂ ಕಲ್ಲನ್ನು ಕಾಯಿಸಿದರೆ ಕಾಗೆಬಂಗಾರ ಬಾಯಿ ತೆರೆದು ಕೂಡಿಟ್ಟದ್ದನ್ನು ಬಿಟ್ಟುಕೊಡುತ್ತದೆ. ಆಮೇಲೆ ಅದು ಹೇಳುವ ವಯಸ್ಸು ನಂಬುವಂಥದಲ್ಲ.

ಎರಡು ವರ್ಷ ನಾನು ಕೂಡ್ಲಿಗಿ ಸುತ್ತಿನ ಐದು ತಾಲ್ಲೂಕುಗಳನ್ನು ಸುತ್ತಿ ಕಲ್ಲು ಹೊತ್ತೆ. ಗೈಡ್ ವರ್ಷಕ್ಕೆರಡು ಸಲ ಜೀಪಿನಲ್ಲಿ ಬರುತ್ತಿದ್ದರು, ಉಳಿದ ದಿನ ಬಸ್ಸೇ ಗತಿ. ಹಿರೇಹಡಗಲಿಯಿಂದ ಬರುವಾಗ ಒಬ್ಬ ಕಂಡಕ್ಟರ್ ನನ್ನ ಚೀಲ ಎತ್ತಲಾರದೆ, "ಏನೈತಿ ಬೇ ಇದ್ರಾಗ?" ಎಂದ. ಕಲ್ಲು ಎಂದೆ. "ನಿಮ್ಮೂರಾಗ ಕಲ್ಲಿಲ್ಲೇನು?" ಎಂದು ಇಡೀ ಬಸ್ಸಿಗೆ ಕೇಳುವಂತೆ ನಕ್ಕ. ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ನಾಲ್ಕು ಜನ ಪಿಸುಮಾತಿನಲ್ಲಿ ಬಂಗಾರ ಸಿಕ್ಕಿತೇ ಎಂದು ಕೇಳಿದ್ದರು. ಸಿಟ್ಟು ಬರುತ್ತಿತ್ತು, ಆದರೆ ಅದು ಸುಖದ ಸಿಟ್ಟು. ಊರಿಗೆ ಹೋದರೆ ಅವ್ವ ಚೀಲವನ್ನು ನೋಡಿ, "ಮದಿವಿ ಮಾಡ್ಕೋ ಅಂದ್ರ ಗುಂಡು ಹೊತ್ಕೊಂಡು ತಿರಗ್ತಾಳ" ಎಂದು ಬೈದು, ಅದರಲ್ಲೊಂದು ನುಣುಪಾದ ಕಲ್ಲನ್ನು ಬೆಳ್ಳುಳ್ಳಿ ಜಜ್ಜಲು ಎತ್ತಿಟ್ಟುಕೊಳ್ಳುತ್ತಿದ್ದಳು.

ನಮ್ಮ ವಿದ್ಯೆಯಲ್ಲಿ ಮೊದಲು ಕಲಿಸುವ ಪಾಠ ಒಂದಿದೆ. ಬಿಸಿಲು ಮಳೆಗೆ ಸವೆದ ಕಲ್ಲು ಬೇಡ, ಹೊಸದಾಗಿ ಒಡೆದ ಮೈ ಬೇಕು. ಗೈಡ್ ಇದನ್ನು ಮಂತ್ರದಂತೆ ಹೇಳುತ್ತಿದ್ದರು. ಆದರೆ ನಮ್ಮ ಕಡೆ ಹೊಸದಾಗಿ ಒಡೆದ ಮೈ ಸಿಗುವುದು ಎಲ್ಲಿ? ಕಲ್ಲು ಒಡೆಯುವವರ ಕ್ವಾರಿಯಲ್ಲಿ. ಅವರು ಒಡೆಯುವುದು ಹೇಗೆ? ಬೆಂಕಿ ಹಾಕಿ. ಬಂಡೆಯ ಮೇಲೆ ಜಾಲಿ ಕಟ್ಟಿಗೆಯನ್ನು ಉದ್ದಕ್ಕೆ ಸಾಲಾಗಿ ಒಟ್ಟಿ ಉರಿಸುತ್ತಾರೆ. ಕಾದ ಪದರ ಕೆಳಗಿನ ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತ, ಎಲ್ಲಿಯವರೆಗೆ ಬಿಟ್ಟಿದೆ ಎಂದು ಗೊತ್ತುಮಾಡಿಕೊಂಡು ಬೆಂಕಿಯನ್ನು ಮುಂದೆ ಮುಂದೆ ಸರಿಸುತ್ತಾರೆ. ಕೊನೆಗೆ ಹಾರೆ ಹಾಕಿ ಎಬ್ಬಿಸಿದರೆ ಚಪ್ಪಡಿ ಏಳುತ್ತದೆ. ಕೊಟ್ಟೂರಿನಲ್ಲಿ ನಾನು ಆಡಿ ಬೆಳೆದ ಅಂಗಳಕ್ಕೆ ಹಾಸಿದ್ದು ಅಂಥವೇ ಚಪ್ಪಡಿ. ಇಷ್ಟು ತಿಳಿದವಳಿಗೆ ಎರಡೂ ಮಾತನ್ನು ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ.

ಕೂಡ್ಲಿಗಿಯಿಂದ ಸ್ವಲ್ಪ ದೂರದ ಒಂದು ಕ್ವಾರಿಗೆ ಗೈಡ್ ಜೊತೆ ಹೋದ ದಿನ ಬೆಳಿಗ್ಗೆಯೇ ಬಿಸಿಲು ನೆತ್ತಿ ಸುಡುತ್ತಿತ್ತು. ಒಡೆದ ಮೈಯ ಮೇಲೆ ಅಡ್ಡಲಾಗಿ ಒಂದು ಮೊಳ ಅಗಲದ ಬೆಣಚಿನ ಪಟ್ಟೆ, ಅದರ ಅಂಚಿನುದ್ದಕ್ಕೂ ಕಾಗೆಬಂಗಾರ. ಕಪ್ಪಗಿರಬೇಕಾದ ಕಾಗೆಬಂಗಾರ ಕಂಚಿನ ಬಣ್ಣಕ್ಕೆ ಹೊಳೆಯುತ್ತಿತ್ತು. ಗೈಡ್ ಹಿಗ್ಗಿದರು. "ಇಂಥಾ ಸ್ಯಾಂಪಲ್ ಇಡೀ ಜಿಲ್ಲೆಯಲ್ಲಿ ಸಿಗಲ್ಲ," ಎಂದು ಸುತ್ತಿಗೆ ಎತ್ತಿದರು.

ಅಲ್ಲೇ ನೆರಳಿನಲ್ಲಿ ಕೂತು ಉಳಿಯ ಮೊನೆ ನೋಡುತ್ತಿದ್ದ ಹೆಂಗಸು ಎದ್ದು ಬಂದಳು. ನಲವತ್ತೈದರ ಆಸುಪಾಸು, ಮೊಣಕೈವರೆಗೆ ಕಿಡಿ ಹಾರಿದ ಕಲೆಗಳು. ಆ ಕ್ವಾರಿಯಲ್ಲಿ ಬೆಂಕಿ ಹಾಕುವ ಕೆಲಸ ಅವಳದು. ಸದ್ದು ಕೇಳಿ ಕಲ್ಲು ಎಲ್ಲಿಗೆ ಬಿಟ್ಟಿದೆ ಎನ್ನುವುದರಲ್ಲಿ ಅವಳ ಕಿವಿಯನ್ನು ಗಂಡಸರೂ ನಂಬುತ್ತಿದ್ದರು.

"ಅದು ಬ್ಯಾಡ್ರಿ ಸಾಹೇಬ್ರ," ಎಂದಳು. "ಅದು ಬೆಂಕಿ ತಿಂದ ಕಲ್ಲು. ನಾನ ಹಾಕೀನಿ ಬೆಂಕಿ. ಹಾಕಿದ ದಿನ ಗಂಧಕದ ನಾತ ಹೊಡದಿತ್ತು, ಇಲ್ಲಿ ನಿಂದ್ರಾಕ ಆಗಿರಲಿಲ್ಲ. ಕಾಗಿಬಂಗಾರ ಸುಟ್ರ ಹಿಂಗ ಕೆಂಪಗಾಗ್ತೈತಿ."

ಗೈಡ್ ನನ್ನ ಕಡೆ ನೋಡಿದರು. "ಏನಂತಾಳೆ?"

ಹೇಳಿದೆ. ಅವರು ಜೋರಾಗಿ ನಕ್ಕರು. "ಭೂಮಿಯ ಹೊಟ್ಟೆಯ ಬೆಂಕಿ ಎಲ್ಲಿ, ಇವಳ ಕಟ್ಟಿಗೆಯ ಬೆಂಕಿ ಎಲ್ಲಿ! ರೊಟ್ಟಿ ಬೇಯಿಸೋ ಬೆಂಕಿಗೆ ಗುಡ್ಡದ ವಯಸ್ಸು ಬದಲಾಗುತ್ತಾ?"

ನಾನೂ ನಕ್ಕೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಕ್ಕದ್ದು ನಿಜ, ಅವಳು ನೋಡಿದ್ದೂ ನಿಜ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಸಾಹೇಬರನ್ನು ಬಿಟ್ಟು ನನ್ನ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು: "ತಂಗಿ, ಆ ಮಗ್ಗಲಿಗೆ ಬೆಂಕಿ ಹಾಕಿಲ್ಲ. ಇದ ಪಟ್ಟಿ ಅಲ್ಲಿಗೂ ಹೋಗೈತಿ. ಉಳಿ ಹಾಕಿ ಒಡದು ಕೊಡ್ತೀನಿ. ಮಧ್ಯಾನತನಕ ಕುಂದರ್ರಿ, ಅಷ್ಟ." ಅರ್ಧ ದಿನ ಕಾಯಬೇಕಿತ್ತು, ಅಷ್ಟೇ. ಗೈಡ್‌ಗೆ ಹರಪನಹಳ್ಳಿಯಲ್ಲಿ ಯಾರದೋ ಮನೆಯಲ್ಲಿ ಊಟ ಹೇಳಿದ್ದರು. ಹೊಳೆಯುವ ಕಲ್ಲನ್ನು ಚೀಲಕ್ಕೆ ತುಂಬಿಕೊಂಡು ಜೀಪು ಹತ್ತಿದೆವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಗೈಡ್ ಪರ ಊರಿನವರು, ಅವರನ್ನು ಬಿಡಿ. ನಾನು ಆ ಹಿತ್ತಲಲ್ಲೇ ಹುಟ್ಟಿದವಳು.

ಕಲ್ಲನ್ನು ಪುಡಿ ಮಾಡಿ, ಖನಿಜಗಳನ್ನು ಸೂಜಿಯ ಮೊನೆಯಿಂದ ಬೇರ್ಪಡಿಸಿ, ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಫಲಿತಾಂಶ ಬರಲು ವರ್ಷದ ಮೇಲಾಯಿತು. ಪಟ್ಟೆಯ ಒಳಭಾಗದಿಂದ ತೆಗೆದ ಅದಿರಿನ ಸೀಸ ನಾವು ನಿರೀಕ್ಷಿಸಿದ ವಯಸ್ಸನ್ನೇ ಹೇಳಿತು, ಇನ್ನೂರೈವತ್ತು ಕೋಟಿ ವರ್ಷದ ಆಸುಪಾಸು. ಮೇಲ್ಮೈಯ ಕಾಗೆಬಂಗಾರ ಹೇಳಿದ್ದು ಅದರ ಅರ್ಧಕ್ಕೂ ಕಡಿಮೆ. ಸುತ್ತಲಿನ ಬೇರೆ ಯಾವ ಕಲ್ಲೂ ಹಾಗೆ ಹೇಳಿರಲಿಲ್ಲ. ಕಲೆಗಳಿದ್ದ ಆ ಮೊಣಕೈ ಕಣ್ಣ ಮುಂದೆ ಬಂತು.

ಗೈಡ್ ಮಾತ್ರ ಕುರ್ಚಿಯಿಂದ ಎದ್ದು ನಿಂತಿದ್ದರು. "ಗೊತ್ತಾಯ್ತಾ ಇದರ ಅರ್ಥ? ಈ ಪ್ರದೇಶ ಎರಡನೇ ಸಲ ಬಿಸಿಯಾಗಿದೆ! ಯಾರೂ ಹೇಳಿಲ್ಲ ಇದನ್ನ!" ಎರಡನೇ ಸಲ ಬಿಸಿಯಾದದ್ದು ನಿಜವೇ. ನಾವು ಆ ಕ್ವಾರಿಗೆ ಹೋಗುವ ಮುಂಚೆ, ಜಾಲಿ ಕಟ್ಟಿಗೆಯಿಂದ.

"ಸರ್, ಆ ಹೆಂಗಸು ಹೇಳಿದ್ದಳಲ್ಲ," ಎಂದೆ.

"ಯಾವ ಹೆಂಗಸು?"

ಅವರು ನಟಿಸಲಿಲ್ಲ. ನಿಜವಾಗಿಯೂ ಮರೆತಿದ್ದರು. ಆ ಮರೆವು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮರುವಾರ ನಾನೊಬ್ಬಳೇ ಕೂಡ್ಲಿಗಿಗೆ ಹೋದೆ. ಬೆಂಕಿ ಕಾಣದ ಮಗ್ಗುಲಿನಿಂದ ಅವಳು ಒಂದು ತುಂಡು ಒಡೆದುಕೊಟ್ಟಳು. ಮಧ್ಯಾಹ್ನದವರೆಗೆ ಬೇಕೆಂದಿದ್ದಳು, ಮಧ್ಯಾಹ್ನದವರೆಗೇ ಹಿಡಿಯಿತು. ಅದೇ ಪಟ್ಟೆ, ಅದೇ ಅದಿರು, ಕಾಗೆಬಂಗಾರ ಮಾತ್ರ ಕಾಡಿಗೆಯಷ್ಟು ಕಪ್ಪು. "ನೋಡಿದೇನು?" ಎಂದಳು, ಅಷ್ಟೇ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು ಗೈಡ್ ಮೇಜಿನ ಮೇಲಿಟ್ಟೆ. ಇದನ್ನೂ ಪ್ರಯೋಗಾಲಯಕ್ಕೆ ಕಳಿಸೋಣ ಎಂದೆ. ಅವರು ಕಲ್ಲನ್ನು ಮುಟ್ಟಲೂ ಇಲ್ಲ. ಎರಡನೇ ಬಿಸಿಯ ಬಗ್ಗೆ ಅವರು ನಮ್ಮಿಬ್ಬರ ಹೆಸರಿನಲ್ಲಿ ಬರೆದ ಪ್ರಬಂಧ ಅಷ್ಟರಲ್ಲಿ ವಿಜ್ಞಾನ ಪತ್ರಿಕೆಗೆ ಹೋಗಿತ್ತು. "ಇದನ್ನ ಕಳಿಸಿದರೆ ಇನ್ನೊಂದು ವರ್ಷ. ನಿನ್ನ ಥೀಸಿಸ್ ಮುಗಿಯಬೇಕೋ ಬೇಡವೋ, ನೀನೇ ಯೋಚನೆ ಮಾಡಮ್ಮ," ಎಂದರು ಬಹಳ ಮೃದುವಾಗಿ. ಬೈದಿದ್ದರೆ ನಾನು ತಿರುಗಿ ಬೀಳುತ್ತಿದ್ದೆನೋ ಏನೋ. ಆ ತುಂಡು ಕೆಲವು ದಿನ ಅವರ ಮೇಜಿನ ಕೆಳಗಿತ್ತು. ಆಮೇಲೆ ಗಾಳಿಗೆ ಬಾಗಿಲು ಬಡಿಯದಂತೆ ಯಾರೋ ಅದನ್ನು ಬಾಗಿಲಿಗೆ ಒತ್ತಿಟ್ಟರು. ದಿನವೂ ಅದನ್ನು ದಾಟಿ ಒಳಗೆ ಹೋಗಿ ನಾನು ಎರಡನೇ ಬಿಸಿಯ ಅಧ್ಯಾಯ ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ವಯಸ್ಸಾದ, ಮೆಲುಮಾತಿನ ಮನುಷ್ಯ. ಎಲ್ಲ ಕೇಳಿ ಮುಗಿಸಿ, ಪುಟ ಹಿಂದಕ್ಕೆ ತಿರುವಿ, ಬಣ್ಣದ ಚಿತ್ರದ ಮೇಲೆ ಬೆರಳಿಟ್ಟರು. "ಈ ಕಾಗೆಬಂಗಾರ ಯಾಕೆ ಈ ಬಣ್ಣ ಇದೆ? ಅಲ್ಲಿ ಕಲ್ಲಿಗೆ ಯಾರಾದರೂ ಬೆಂಕಿ ಹಾಕಿದ್ದರಾ?"

ಇಡೀ ಐದು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಿದ ಒಂದೇ ಒಂದು ಪ್ರಾಮಾಣಿಕ ಪ್ರಶ್ನೆ ಅದು. ಗೈಡ್ ಕಿಟಕಿಯ ಕಡೆ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಅವ್ವ ಹೊಸ ಸೀರೆ ಉಟ್ಟು ಕೂತಿದ್ದಳು, ಒಂದು ಮಾತೂ ಅರ್ಥವಾಗದಿದ್ದರೂ ಎಲ್ಲದಕ್ಕೂ ತಲೆಯಾಡಿಸುತ್ತ.

"ಇಲ್ಲ ಸರ್," ಎಂದೆ.

ಅವರು ನಂಬಿದರು. ಕಲ್ಲು ಸಿಕ್ಕ ಜಾಗ ನೋಡಿದವಳು ನಾನು, ನನ್ನ ಮಾತು ನಂಬದೆ ಇನ್ನೇನು ಮಾಡಿಯಾರು? ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಡಾಕ್ಟರ್ ಆದೆ.

ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮದುವೆ, ಮಕ್ಕಳು, ಉತ್ತರ ಪತ್ರಿಕೆ ತಿದ್ದುವುದು, ಭಾನುವಾರ ಯಾರಾದರೂ ನೆಂಟರು ಬಂದರೆ ಬಾಗಳಿಯ ದೇವಸ್ಥಾನ ತೋರಿಸಿ ಬರುವುದು, ಹೀಗೆ ಎಂಟು ವರ್ಷ ಹೋಯಿತು. ಅಷ್ಟರಲ್ಲಿ ನಮ್ಮ ಅಂಕಿ ಬೇರೆಯವರ ಪ್ರಬಂಧಗಳಿಗೆ ಹತ್ತಿಕೊಂಡಿತ್ತು. ಒಬ್ಬರು ಎರಡನೇ ಬಿಸಿಗೆ ಕಾರಣ ಹುಡುಕಿದ್ದರು. ಇನ್ನೊಬ್ಬರು ಆ ಕಾರಣವನ್ನು ಖಂಡಿಸಿ ಬೇರೆ ಕಾರಣ ಕೊಟ್ಟಿದ್ದರು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ. ಓದಿದಾಗಲೆಲ್ಲ ಪತ್ರಿಕೆಯನ್ನು ಗೋಡೆಗೆ ಬೀಸಿ ಒಗೆಯುತ್ತಿದ್ದೆ. ಗಂಡ ಎತ್ತಿಕೊಂಡು ಬಂದು ಮತ್ತೆ ಮೇಜಿನ ಮೇಲಿಡುತ್ತಿದ್ದ, ಯಾಕೆ ಎಂದು ಕೇಳುತ್ತಿರಲಿಲ್ಲ.

ಕೊನೆಗೆ ಒಂದು ರಜೆಯ ದಿನ ಕೂಡ್ಲಿಗಿ ಬಸ್ಸು ಹತ್ತಿದೆ. ಕ್ವಾರಿಗೆ ಯಂತ್ರ ಬಂದಿತ್ತು. ಆ ಪಟ್ಟೆ, ಅದರ ಎರಡೂ ಮಗ್ಗುಲು, ಎಲ್ಲ ಜಲ್ಲಿಯಾಗಿ ಯಾವುದೋ ರಸ್ತೆಗೆ ಹೋಗಿತ್ತು. ಅವಳು ಪಕ್ಕದ ಹಳ್ಳಿಯಲ್ಲಿ ಮನೆಯ ಮುಂದೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಕೂದಲು ಹಣ್ಣಾಗಿತ್ತು.

"ಗುರ್ತು ಸಿಕ್ತೇನು ಯಕ್ಕಾ?"

"ಕಲ್ಲು ಮಡಿಲಾಗ ಇಟ್ಕೊಂಡು ಬಸ್ ಹತ್ತಿದಾಕಿ ಅಲ್ಲೇನು," ಎಂದಳು. "ಕುಂದರು."

ಕೂತೆ. ನೀರು ಕೊಟ್ಟಳು. ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ. "ದೊಡ್ಡೋರೊಬ್ರು ನನ್ನ ಕೇಳಿದ್ರು ಯಕ್ಕಾ, ಆ ಕಲ್ಲಿಗೆ ಬೆಂಕಿ ಹಾಕಿದ್ರೇನು ಅಂತ. ನಾನು ಇಲ್ಲ ಅಂದೆ."

ಜಜ್ಜುವುದನ್ನು ನಿಲ್ಲಿಸಿದಳು. "ಯಾಕ?"

"ಹೆದರಿದ್ದೆ."

"ಹೆದರಾದು ತಪ್ಪಲ್ಲ ಬಿಡು. ನಾನೂ ಮಾಲಕಗ ಹೆದರೀನಿ." ಸ್ವಲ್ಪ ಹೊತ್ತು ಬೀಜ ತೆಗೆದಳು. ಮತ್ತೆ ತಲೆ ಎತ್ತಿದಳು. "ಆದ್ರ ನಾ ನಿನಗ ಹೇಳಿದ್ದೆ. ಎರಡು ಸರ್ತಿ ಹೇಳಿದ್ದೆ. ನೀ ಇಲ್ಲ ಅಂದ್ರ ಅಲ್ಲಿ ಸುಳ್ಳು ಹೇಳಿದಾಕಿ ಯಾರಾದ್ರವ್ವಾ? ನಾನು. ನನ್ನ ಸುಳ್ಳಿ ಮಾಡಿ ಬಂದಿ."

ಇಷ್ಟು ವರ್ಷ ನಾನು ಸುಳ್ಳು ಹೇಳಿದ್ದು ವಿಜ್ಞಾನಕ್ಕೆ ಎಂದುಕೊಂಡಿದ್ದೆ. ಬಹಳ ದೊಡ್ಡ ಮಾತು ಅದು, ಅದರ ಹಿಂದೆ ಅಡಗಿ ಕೂರುವುದು ಸುಲಭ. ಇವಳ ಮುಂದೆ ಅಡಗಲು ಏನೂ ಇರಲಿಲ್ಲ. ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. "ಅತ್ರ ಏನಾತು? ಹೋಗಿ ಹೇಳು," ಎಂದಳು.

ಹೇಳಿದೆ. ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ಎರಡು ಪುಟದ ಪತ್ರ ಬರೆದೆ. ಕಲ್ಲಿಗೆ ಬೆಂಕಿ ಹಾಕಿದ್ದನ್ನು, ಹಾಕಿದವಳ ಹೆಸರನ್ನು, ಅವಳ ಕಸುಬನ್ನು, ಕಾಗೆಬಂಗಾರದ ಬಣ್ಣ ನೋಡಿ ಅವಳು ಎರಡು ಸಲ ಎಚ್ಚರಿಸಿದ್ದನ್ನು, ನಾನು ಇಲ್ಲವೆಂದದ್ದನ್ನು, ಒಂದನ್ನೂ ಬಿಡದೆ ಬರೆದೆ. ಒಂದು ಪ್ರತಿಯನ್ನು ಗೈಡ್‌ಗೂ ಕಳಿಸಿದೆ. ಅವರು ಆಗ ನಿವೃತ್ತರಾಗಿದ್ದರು. ಫೋನ್ ಮಾಡಿದರು.

"ಹುಚ್ಚು ಹಿಡಿದಿದೆಯಾ ನಿನಗೆ? ನಿನ್ನ ಡಿಗ್ರಿಗೇ ಕುತ್ತು. ಇಷ್ಟು ವರ್ಷ ಆದಮೇಲೆ ಯಾರಿಗೆ ಗೊತ್ತಾಗುತ್ತಿತ್ತು ಹೇಳು?"

"ಅವಳಿಗೆ ಗೊತ್ತಾಯಿತು ಸರ್. ನಾನೇ ಹೇಳಿ ಬಂದೆ."

"ಯಾರಿಗೆ?" ಎಂದರು. ನಾನು ಫೋನ್ ಇಟ್ಟೆ.

ಡಿಗ್ರಿಗೆ ಏನೂ ಆಗಲಿಲ್ಲ. ಯಾರೂ ನನ್ನನ್ನು ಕರೆದು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಅಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು. ಆರು ತಿಂಗಳ ನಂತರ ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ನನ್ನ ಎರಡು ಪುಟವನ್ನು ಅವರು ಕತ್ತರಿಸಿ, ಒಪ್ಪ ಮಾಡಿ, ಹೀಗೆ ಹಾಕಿದ್ದರು: ಸ್ಥಳೀಯ ಮಾಹಿತಿಯ ಪ್ರಕಾರ ಈ ಮಾದರಿಗೆ ಇತ್ತೀಚೆಗೆ ಶಾಖ ತಗುಲಿರುವ ಸಾಧ್ಯತೆ ಇದೆ. ನಾನು ಸುಳ್ಳು ಹೇಳಿದ್ದು ಇರಲಿಲ್ಲ. ಅವಳ ಹೆಸರು ಇರಲಿಲ್ಲ. ಬೆಂಕಿ ಹಾಕಿದವಳು, ಕಲ್ಲನ್ನು ಬಡಿದು ಕೇಳಿದವಳು, ನಮ್ಮೆಲ್ಲರ ಯಂತ್ರಕ್ಕಿಂತ ಒಂದು ವರ್ಷ ಮೊದಲೇ ಸರಿಯಾದ ಉತ್ತರ ಕೊಟ್ಟವಳು ಅವರ ಲೆಕ್ಕದಲ್ಲಿ ಸ್ಥಳೀಯ ಮಾಹಿತಿ.